ಬ್ರೇಕಮ್ಮನ ಕೈಯಲ್ಲಿ ಹಗ್ಗ

ಇರುವೆ, ಒಂದೇ ಒಂದು, ಮೂಗಿನ ಮುಂದೆ ಬಂಡೆಯ ಮೇಲೆ ಆರಾಮವಾಗಿ ಹತ್ತಿ ಹೋಗುತ್ತಿದೆ, ಅದಕ್ಕೆ ಹೆಲ್ಮೆಟ್ ಇಲ್ಲ, ಸೊಂಟಕ್ಕೆ ಪಟ್ಟಿ ಇಲ್ಲ, ಕೆಳಗೆ ನಿಂತು ಹಗ್ಗ ಹಿಡಿಯುವವರಿಲ್ಲ, ಮನೆಯಲ್ಲಿ ಹೆಂಡತಿ ರೀ ಈ ವಯಸ್ಸಿಗೆ ಇದೆಲ್ಲ ಬೇಕಿತ್ತಾ ಅಂತ ಕೇಳುವುದಿಲ್ಲ, ಕೇಳುತ್ತಾಳೋ ಏನೋ, ಇರುವೆಗಳ ಸಂಸಾರ ಯಾರು ಕಂಡಿದ್ದಾರೆ, ಆದರೆ ಅದು ಬಿದ್ದರೆ ಎದ್ದು ಮೈ ಕೊಡವಿಕೊಂಡು ಮತ್ತೆ ಹತ್ತುತ್ತದೆ, ಡ್ರೈವಿಂಗ್ ಸ್ಕೂಲಿನ ಮೇಷ್ಟ್ರು ಬಿದ್ದರೆ ಹಾಗಲ್ಲ. ಮೇಷ್ಟ್ರು ಈಗ ಎರಡಂತಸ್ತಿನ ಮನೆಯಷ್ಟು ಎತ್ತರದಲ್ಲಿ ಬಂಡೆಯನ್ನು ತಬ್ಬಿಕೊಂಡಿದ್ದಾರೆ, ಎಡಗೈ ಬೆರಳು ಒಂದು ಸೀಳಿನಲ್ಲಿ, ಬಲಗೈ ಒಂದು ಉಬ್ಬಿನ ಮೇಲೆ, ಎಡಗಾಲು ಎಲ್ಲಿದೆಯೋ ನೋಡೋಣವೆಂದರೆ ಹೊಟ್ಟೆ ಅಡ್ಡ ಬರುತ್ತದೆ, ಬಲಗಾಲು ಮಾತ್ರ ಯಾರನ್ನೂ ಕೇಳದೆ ಬಂಡೆಯನ್ನು ಒತ್ತುತ್ತಿದೆ, ಒತ್ತುತ್ತಲೇ ಇದೆ — ಅಲ್ಲಿ ಬ್ರೇಕ್ ಇಲ್ಲ ಮಾರಾಯಾ, ಅದು ಕಲ್ಲು — ಕಾಲಿಗೆ ಅದೆಲ್ಲ ಅರ್ಥವಾಗುವುದಿಲ್ಲ, ಇಪ್ಪತ್ತೈದು ವರ್ಷ ಪಕ್ಕದ ಸೀಟಿನಲ್ಲಿ ಕೂತು, ಕಲಿಯುವವರು ಹೆದರಿದಾಗಲೆಲ್ಲ ತನ್ನ ಕಡೆಯ ಎರಡನೇ ಬ್ರೇಕನ್ನು ಒತ್ತಿದ ಕಾಲು ಅದು, ಈಗ ಒತ್ತಿ ಒತ್ತಿ ಹೊಲಿಗೆ ಯಂತ್ರದ ಹಾಗೆ ನಡುಗುತ್ತಿದೆ. ಹತ್ತಿದ್ದೇನೋ ಹತ್ತಿದ್ದಾಯಿತು. ಮೇಲಿನ ಕೊಂಡಿಯನ್ನು ಮುಟ್ಟಿದ್ದೂ ಆಯಿತು. ಸೊಂಟದಿಂದ ಹೊರಟ ಹಗ್ಗ ಆ ಕೊಂಡಿಯೊಳಗೆ ತೂರಿ ತಿರುಗಿ ನೆಲಕ್ಕೆ ಹೋಗಿದೆ, ನೆಲದಲ್ಲಿ ಒಬ್ಬರು ಅದನ್ನು ಹಿಡಿದಿದ್ದಾರೆ, ಇನ್ನು ಮಾಡಬೇಕಾದ್ದು ಒಂದೇ ಕೆಲಸ, ಎರಡೂ ಕೈ ಬಿಟ್ಟು ಹಿಂದಕ್ಕೆ ವಾಲುವುದು. ಮೇಷ್ಟ್ರೇ, ಕುರ್ಚಿ ಮೇಲೆ ಕೂತ ಹಾಗೆ ಹಿಂದಕ್ಕೆ ಕೂತ್ಕೊಳ್ಳಿ, ಅಂತ ಕೆಳಗಿನಿಂದ ಹತ್ತುವುದು ಕಲಿಸುವ ಸೀಟಿ ಮೇಡಂ ಕೂಗುತ್ತಾರೆ. ಯಾವ ಕುರ್ಚಿ, ಎಲ್ಲಿದೆ ಕುರ್ಚಿ, ಹಿಂದೆ ಇರುವುದು ಬರೀ ಗಾಳಿ, ಅದಕ್ಕೆ ನಾಲ್ಕು ಕಾಲೂ ಇಲ್ಲ. ಕಣ್ಣಂಚಿನಲ್ಲಿ ಕೆಳಗೆ ನೋಡಿದರು, ನೋಡಬಾರದಿತ್ತು, ಒಂದು ಹಳದಿ ಹೆಲ್ಮೆಟ್ಟು, ಅದರ ಪಕ್ಕ, ಸೊಂಟದ ಹತ್ತಿರ, ಹಗ್ಗದ ಬಾಲವನ್ನು ಹಿಡಿದ ಒಂದು ಮುಷ್ಟಿ.

ಇದೆಲ್ಲ ಶುರುವಾದದ್ದು ಇದೇ ಬಂಡೆಯ ಕೆಳಗಿನ ರಸ್ತೆಯಲ್ಲಿ, ಒಬ್ಬ ಕಲಿಯುವವನು ಏರಿನಲ್ಲಿ ಗಾಡಿ ಆಫ್ ಮಾಡಿಕೊಂಡು ಸರ್ ಇದು ಸ್ಟಾರ್ಟೇ ಆಗ್ತಿಲ್ಲ ಅಂತ ಅಳುಮುಖ ಮಾಡಿದ್ದ, ಗೇರ್ ತೆಗಿಯಪ್ಪಾ ಮೊದಲು ಅಂತ ಹೇಳಿ ಮೇಷ್ಟ್ರು ಬೇಸರಕ್ಕೆ ಕಿಟಕಿಯಿಂದ ತಲೆ ಹೊರಹಾಕಿದರೆ ಮೇಲೆ ಯಾರೋ ಬಂಡೆ ಹತ್ತುತ್ತಿದ್ದರು, ನಿಧಾನಕ್ಕೆ, ಒಂದೊಂದೇ ಹೆಜ್ಜೆ, ಪಕ್ಕದಲ್ಲಿ ಕೂತು ಬೈಯುವವರು ಯಾರೂ ಇಲ್ಲ. ತಾನು ಜೀವಮಾನವಿಡೀ ಕೂತೇ ಇದ್ದೇನಲ್ಲ, ಅದೂ ಇನ್ನೊಬ್ಬರ ಪಕ್ಕ, ಅನ್ನಿಸಿಬಿಟ್ಟಿತು. ಅನ್ನಿಸಿದ್ದನ್ನು ಅಲ್ಲಿಗೇ ಬಿಡಬೇಕಿತ್ತು. ಬಿಡದೆ ವಿಚಾರಿಸಿದರು, ಎಲ್ಲರೂ ಹಲ್ಲಿಯ ಹತ್ತಿರ ಹೋಗಿ ಅಂದರು. ಹಲ್ಲಿ ಅಂದರೆ ಬಂಡೆ ಹತ್ತುವುದು ಕಲಿಸುವ ಹುಡುಗ, ಗೋಡೆಗೆ ಅಂಟಿಕೊಳ್ಳುವುದರಲ್ಲಿ ಎತ್ತಿದ ಕೈ, ಹೊಟ್ಟೆ ಅನ್ನುವುದೇ ಇಲ್ಲ, ಅಂಗಿ ಅನ್ನುವುದೂ ಇಲ್ಲ, ಫೋನಿನಲ್ಲಿ ಅವನನ್ನು ನೋಡುವವರು ಸಾವಿರಾರು ಜನ. ಅಂಕಲ್, ಭಯ ಅನ್ನೋದು ತಲೇಲಿರೋದು, ಬಂಡೇಲಿಲ್ಲ, ಅಂದ ಮೊದಲ ದಿನವೇ. ಮೇಷ್ಟ್ರಿಗೆ ಖುಷಿಯಾಯಿತು, ಅಂಕಲ್ ಅಂದದ್ದಕ್ಕೆ ಸ್ವಲ್ಪ ಕಡಿಮೆಯಾಯಿತು. ಗಂಟು ಹಾಕೋದು ಹೇಗೆ ಅಂತ ಕೇಳಿದರೆ ನಾನಿದೀನಲ್ಲ ಅಂಕಲ್, ಅಂತ ಅವನೇ ಎಲ್ಲರಿಗೂ ಸರಸರ ಹಾಕಿಬಿಡುತ್ತಿದ್ದ. ಮೇಲಿನ ಕೊಂಡಿ ಗಟ್ಟಿ ಇದೆಯೇನಪ್ಪಾ, ಯಾರು ನೋಡಿದ್ರು ಅಂದರೆ, ವರ್ಷಗಟ್ಟಲೆಯಿಂದ ಇದೆ ಅಂಕಲ್, ಒಂದಿನಾನೂ ಏನೂ ಆಗಿಲ್ಲ — ಈ ಮಾತು, ಇದೇ ಮಾತು, ಬ್ರೇಕ್ ಸವೆದ ಗಾಡಿಗಳ ಮಾಲೀಕರೆಲ್ಲ ಹೇಳುವ ಮಾತಲ್ಲವೇ ಅಂತ ಒಳಗೆ ಒಂದು ಗಂಟೆ ಹೊಡೆಯಿತು, ಆದರೂ ತಲೆಯಾಡಿಸಿದರು, ಅವನ ತೋಳುಗಳು ಅಷ್ಟು ದಪ್ಪ ಇದ್ದವು. ಆಮೇಲೆ ಬ್ಯಾಂಕಿನ ಗುಮಾಸ್ತರೊಬ್ಬರು ಹತ್ತಿದರು, ಹಲ್ಲಿ ಒಂದು ಕೈಯಲ್ಲಿ ಹಗ್ಗ ಇನ್ನೊಂದು ಕೈಯಲ್ಲಿ ಫೋನು ಹಿಡಿದು ಸಾರ್ ಈ ಕಡೆ ನೋಡಿ ಸ್ವಲ್ಪ ನಗಿ ಅಂದ, ಗುಮಾಸ್ತರು ಪಾಪ ಆ ಕಡೆ ನೋಡಿ ನಕ್ಕರು, ನಗುತ್ತಲೇ ಕಾಲು ಜಾರಿದರು, ಹಗ್ಗ ಸರ್ರನೆ ಹೋಯಿತು, ನೆಲಕ್ಕೆ ಒಂದು ಮಾರು ಇರುವಾಗ ಹೇಗೋ ನಿಂತಿತು. ಹಲ್ಲಿ ನಕ್ಕ, ಸಖತ್ ವಿಡಿಯೋ ಬಂತು ಸಾರ್ ಅಂದ. ಗುಮಾಸ್ತರ ಮುಖ ಹಳೆಯ ನೋಟಿನ ಬಣ್ಣಕ್ಕೆ ತಿರುಗಿತ್ತು. ಫೋನು ಹಿಡಿದು ಸ್ಟಿಯರಿಂಗ್ ಮುಟ್ಟಿದವನನ್ನು ನಡುರಸ್ತೆಯಲ್ಲಿ ಇಳಿಸಿ ಮನೆಗೆ ನಡೆಸಿದ ಮೇಷ್ಟ್ರು ತಾನು, ಅವತ್ತು ಅವನಿಗೆ ನೇರ ಹೇಳಿದರೇನು, ಇಲ್ಲ, ಮಂಡಿ ನೋವು ಕಣಪ್ಪ ನಾಳೆಯಿಂದ ಬರೋಕಾಗಲ್ಲ ಅಂದರು, ಒಳ್ಳೆ ಎಣ್ಣೆ ಹಚ್ಚಿ ಅಂಕಲ್ ಅಂತ ಅವನೇ ಕಾಳಜಿಯಿಂದ ಹೇಳಿ ಕಳಿಸಿದ. ಗುಮಾಸ್ತರಿಗೆ ಮಾತ್ರ ಚಪ್ಪಲಿ ಹಾಕಿಕೊಳ್ಳುವಾಗ ಕಿವಿಯಲ್ಲಿ ಹೇಳಿದರು, ಸರ್, ನಿಮಗೂ ಮಂಡಿ ನೋವು. ಗುಮಾಸ್ತರು ತಕ್ಷಣ ಕುಂಟತೊಡಗಿದರು.

ಬೆರಳು ಮರಗಟ್ಟುತ್ತಿದೆ, ಬಲಗೈಯನ್ನು ಒಂದು ಕ್ಷಣ ತೆಗೆದು ಒದರಬೇಕು, ತೆಗೆದರೆ ಬಿದ್ದರೆ, ಬೀಳಲ್ಲ ಹಗ್ಗ ಇದೆ, ಹಗ್ಗ ಇದೆ ಸರಿ ಹಗ್ಗದ ತುದಿಯಲ್ಲಿ ಯಾರಿದ್ದಾರೆ — ಅದನ್ನು ಆಮೇಲೆ ಯೋಚಿಸೋಣ. ಹಲ್ಲಿಯನ್ನು ಬಿಟ್ಟ ಮೇಲೆ ಸೀಟಿ ಮೇಡಂ ಸಿಕ್ಕರು, ಶಾಲೆಯಲ್ಲಿ ಆಟದ ಟೀಚರ್ ಆಗಿ ನಿವೃತ್ತರಾದವರು, ಕತ್ತಿನಲ್ಲಿ ಇನ್ನೂ ಸೀಟಿ, ಮಾತೂ ಸೀಟಿಯ ಹಾಗೇ. ಮೇಷ್ಟ್ರು ಈ ಸಲ ಹುಷಾರಾಗಿ ಕೇಳಿದರು, ಮೇಡಂ, ತಪ್ಪು ತಿಳೀಬೇಡಿ, ನಿಮ್ಮ ಹತ್ರ ಕಲಿಯುವಾಗ ಯಾರಿಗಾದ್ರೂ ಏಟಾಗಿದೆಯಾ. ಆಗಿದೆ, ಅಂದರು ಮೇಡಂ. ಒಬ್ಬಳಿಗೆ ಕಾಲಿನ ಗೆಣ್ಣು ಮುರೀತು, ಅವಳ ಸೊಂಟದ ಬಕಲ್ ನಾನು ನೋಡಿರಲಿಲ್ಲ, ನೋಡಿದೀನಿ ಅಂದ್ಕೊಂಡಿದ್ದೆ, ಅಂದಿನಿಂದ ಅಂದ್ಕೊಳ್ಳೋದು ಬಿಟ್ಟಿದೀನಿ, ಕೈಯಿಟ್ಟೇ ನೋಡ್ತೀನಿ. ಅಷ್ಟೇ ಸಾಕಾಯಿತು ಮೇಷ್ಟ್ರಿಗೆ. ಯಾಕೆಂದರೆ ಇದೇ ಪ್ರಶ್ನೆಯನ್ನು ಅವರಿಗೂ ಜನ ಕೇಳುತ್ತಾರೆ, ಸಾರ್ ನಿಮ್ಮ ಗಾಡಿ ಯಾವತ್ತಾದ್ರೂ ಗುದ್ದಿದೆಯಾ ಅಂತ, ಗುದ್ದಿದೆ, ಎರಡು ಸಲ, ಒಂದು ಕಂಬಕ್ಕೆ ಒಂದು ಮದುವೆ ಗಾಡಿಗೆ ಅಂತ ಇವರು ನಿಜ ಹೇಳಿದರೆ ಅವರು ಎದುರು ಸಾಲಿನ ಸ್ಕೂಲಿಗೆ ಹೋಗಿ ಸೇರುತ್ತಾರೆ, ಅಲ್ಲಿ ಇಲ್ಲವೇ ಇಲ್ಲ ಅನ್ನುತ್ತಾರಂತೆ. ಆದರೆ ಮೇಡಂ ಬಂಡೆಯ ಹತ್ತಿರವೇ ಬಿಡಲಿಲ್ಲ. ನೆಲದ ಮೇಲೆ ಗಂಟು, ಎಂಟರ ಆಕಾರದ ಗಂಟು, ಹಾಕು ಬಿಚ್ಚು, ಕಣ್ಣು ಮುಚ್ಚಿ ಹಾಕು, ಮಾತಾಡಿಸುತ್ತಿದ್ದರೂ ತಪ್ಪದೆ ಹಾಕು, ಇನ್ನೊಬ್ಬರದ್ದು ನೋಡು, ನಿನ್ನದು ಅವರಿಗೆ ತೋರಿಸು. ಮನೆಯಲ್ಲಿ ಹೆಂಡತಿ, ಏನ್ರೀ, ಬಂಡೆ ಎಷ್ಟು ಹತ್ತಿದ್ರಿ ಇವತ್ತು. ಇವತ್ತು ಹತ್ಲಿಲ್ಲ, ಗಂಟು. ನಿನ್ನೇನೂ ಗಂಟೇ ಅಂದ್ರಿ. ಅದು ಬೇರೆ ಗಂಟು ಕಣೇ. ಆಹಾ, ನನ್ನ ಕುತ್ತಿಗೆಗೆ ಗಂಟು ಹಾಕೋವಾಗ ಇಷ್ಟು ಅಭ್ಯಾಸ ಮಾಡಿದ್ರಾ, ಅಟ್ಟದ ಬಲ್ಬ್ ಹೋಗಿ ಎಷ್ಟು ದಿನ ಆಯ್ತು, ಹತ್ತೋ ಆಸೆ ಇದ್ರೆ ಅಲ್ಲಿ ಹತ್ತಿ, ಅದಕ್ಕೆ ಸ್ಟೂಲ್ ನಾನು ಹಿಡ್ಕೋತೀನಿ. ಹಿಡಿದುಕೊಳ್ಳುತ್ತಾಳೆ, ನಿಜ, ಹಿಡಿದುಕೊಂಡೇ ಪಕ್ಕದ ಮನೆಯವಳ ಜೊತೆ ಮಾತಿಗಿಳಿಯುತ್ತಾಳೆ, ಮಾತಿನ ಜೋರಿಗೆ ಎರಡೂ ಕೈ ಬೀಸುತ್ತಾಳೆ. ಮೇಡಂ ಹತ್ತಿರ ಹಾಗಲ್ಲ, ದಿನವೂ ಒಂದೇ ಪಾಠ, ಪಟ್ಟಿ, ಬಕಲ್, ಗಂಟು, ಕೊಂಡಿ, ಹಗ್ಗ ಹಿಡಿದವರ ಮುಷ್ಟಿ. ಮುಷ್ಟಿ ಮುಖ್ಯ, ಅನ್ನುತ್ತಿದ್ದರು ಮೇಡಂ, ನಿಮ್ಮ ಪಟ್ಟಿಯ ಕೊಂಡಿಯಲ್ಲಿ ಸುತ್ತಿ ಹೊರಬಂದ ಹಗ್ಗದ ಬಾಲ ಸೊಂಟದ ಕೆಳಗೆ ಮುಷ್ಟಿಯಲ್ಲಿ ಇರೋವರೆಗೂ ಮೇಲಿನವರು ಎಲ್ಲೂ ಹೋಗಲ್ಲ, ಮೂಗು ತುರಿಸಿದ್ರೂ ಇನ್ನೊಂದು ಕೈಯಲ್ಲಿ ತುರಿಸ್ಕೊಳ್ಳಿ.

ಮತ್ತೆ ಕಣ್ಣು ಕೆಳಗೆ ಹೋಯಿತು, ಹಳದಿ ಹೆಲ್ಮೆಟ್ಟು, ಮುಷ್ಟಿ, ಆ ಮುಷ್ಟಿ ಯಾರದ್ದು ಅನ್ನುವುದೇ ಈಗ ಪ್ರಶ್ನೆ, ಅಯ್ಯೋ ಪ್ರಶ್ನೆ ಏನು ಬಂತು, ಗೊತ್ತೇ ಇದೆಯಲ್ಲ, ಬ್ರೇಕಮ್ಮನದ್ದು. ಔಷಧಿ ಅಂಗಡಿಯ ಒಡತಿ, ಮೇಷ್ಟ್ರ ಹಳೆಯ ವಿದ್ಯಾರ್ಥಿನಿ, ಸ್ಕೂಲಿನ ಇತಿಹಾಸದಲ್ಲಿ ಲೈಸೆನ್ಸು ಸಿಗದೇ ಹೋದ ಒಬ್ಬರೇ ಒಬ್ಬರು. ಮುಂದೆ ಪ್ಲಾಸ್ಟಿಕ್ ಚೀಲ ಹಾರಿದರೆ ಬ್ರೇಕು, ದೂರದ ಮೈದಾನದಲ್ಲಿ ನಾಯಿ ಮಲಗಿದ್ದರೆ ಬ್ರೇಕು. ಅಮ್ಮಾ, ಅದು ಮಲಗಿದೆ. ಎದ್ದರೆ ಸರ್. ಹಸಿರು ದೀಪಕ್ಕೂ ಬ್ರೇಕು. ಅಮ್ಮಾ, ಹಸಿರು ಬಿದ್ದಿದೆ ಹೋಗಿ. ಈಗ ಹಸಿರು ಸರ್, ನಾವು ಅಲ್ಲಿಗೆ ಹೋಗೋ ಹೊತ್ತಿಗೆ. ಪರೀಕ್ಷೆ ಮಾಡಲು ಬಂದ ಅಧಿಕಾರಿಯ ಮೂಗು ಮುಂದಿನ ಗಾಜಿಗೆ ಮುತ್ತಿಟ್ಟ ಮೇಲೆ ಆಕೆಯೇ ಸಾಕು ಸರ್ ನಾನು ನಡ್ಕೊಂಡೇ ಓಡಾಡ್ತೀನಿ ಅಂದರು, ಮೇಷ್ಟ್ರು ಅವತ್ತು ಮನೆಗೆ ಬಂದು ನೆಮ್ಮದಿಯಾಗಿ ನಿದ್ದೆ ಮಾಡಿದರು. ಅಂಥವರು ಇಲ್ಲಿ, ಈ ಬಂಡೆಯ ಬುಡದಲ್ಲಿ, ಸೊಂಟಕ್ಕೆ ಪಟ್ಟಿ ಬಿಗಿದುಕೊಂಡು ನಿಂತದ್ದು ಕಂಡಾಗ — ಮೇಡಂ, ನನಗೆ ಬೇರೆ ಯಾರಾದ್ರೂ ಜೊತೆ ಸಿಗ್ತಾರಾ. ಯಾಕೆ ಮೇಷ್ಟ್ರೇ. ಏನಿಲ್ಲ, ಅವರು ನನ್ನ ಹಳೇ ವಿದ್ಯಾರ್ಥಿ. ಒಳ್ಳೇದೇ ಆಯ್ತಲ್ಲ, ಪರಿಚಯ ಇದೆ. ಪರಿಚಯ ಇರುವುದೇ ತೊಂದರೆ ಅಂತ ಹೇಗೆ ಹೇಳುವುದು, ಆಕೆ ಅಲ್ಲೇ ನಿಂತು ನಗುತ್ತಿದ್ದರು, ಸರ್, ಅಂಗಿ ಸ್ವಲ್ಪ ಎತ್ತಿ ಬಕಲ್ ನೋಡ್ಬೇಕು. ಮೇಷ್ಟ್ರು ನಾಚಿಕೊಂಡು ಎತ್ತಿದರು. ಆಕೆ ಬಕಲ್ ಎಳೆದು ನೋಡಿದರು, ಗಂಟಿನ ಒಂದೊಂದು ಎಳೆಯನ್ನೂ ಬೆರಳಿನಿಂದ ಹಿಂಬಾಲಿಸಿದರು, ಔಷಧಿ ಚೀಟಿಯ ಕೆಟ್ಟ ಅಕ್ಷರ ಓದುವ ಹಾಗೆ ಬಾಯೊಳಗೇ ಏನೋ ಹೇಳಿಕೊಂಡು, ಮತ್ತೆ ಮೊದಲಿನಿಂದ. ಆಮೇಲೆ, ಸರ್, ಈಗ ನೀವು ನಂದು ನೋಡಿ. ಪರವಾಗಿಲ್ಲ ಅಮ್ಮಾ, ಸರಿಯಾಗೇ ಇರುತ್ತೆ, ಅಂದರು ಮೇಷ್ಟ್ರು, ಹೆಣ್ಣುಮಗಳ ಸೊಂಟದ ಪಟ್ಟಿ ಎಳೆಯುವುದು ಹೇಗೆ, ಮರ್ಯಾದೆ ಅಂತ ಒಂದಿದೆಯಲ್ಲ. ಪೀಪೀ ಅಂತ ಸೀಟಿ ಬಿತ್ತು. ಮೇಷ್ಟ್ರೇ, ಮರ್ಯಾದೆ ಮನೇಲಿಟ್ಟು ಬನ್ನಿ, ಕೈಯಿಟ್ಟು ನೋಡಿ. ಮೇಷ್ಟ್ರು ಕಿವಿ ಕೆಂಪಾಗಿಸಿಕೊಂಡು ಎರಡು ಬೆರಳಲ್ಲಿ ಎಳೆದು ನೋಡಿದರು, ಗಟ್ಟಿ ಇತ್ತು, ಎಷ್ಟು ಗಟ್ಟಿ ಅಂದರೆ ಆಕೆ ಉಸಿರಾಡುತ್ತಿದ್ದಾರೋ ಇಲ್ಲವೋ ಅಂತ ಅನುಮಾನ ಬರುವಷ್ಟು.

ಎಡಗೈಯೂ ಹೋಯಿತು, ಬೆರಳಿದ್ದಾವೆ ಆದರೆ ಮಾತು ಕೇಳುವುದಿಲ್ಲ, ಹೊಲಿಗೆ ಯಂತ್ರ ಇನ್ನೂ ಜೋರಾಯಿತು, ಬೆವರು ಕಣ್ಣಿಗಿಳಿಯುತ್ತಿದೆ, ಇಳಿದುಹೋಗುತ್ತೇನೆ ಹತ್ತಿದ ದಾರಿಯಲ್ಲೇ, ಆಗುವುದಿಲ್ಲ, ಕಾಲಿಡುವ ಜಾಗ ಕಾಣುವುದಿಲ್ಲ, ಇಲ್ಲೇ ಇರುತ್ತೇನೆ, ಹೆಂಡತಿಗೆ ಹೇಳಿ ಕಳಿಸಿ, ಬಟ್ಟೆಬರೆ ಇಲ್ಲಿಗೇ ತರಲಿ. ಕೆಳಗಿನಿಂದ ಬ್ರೇಕಮ್ಮನ ದನಿ, ಕೂಗಿದ್ದಲ್ಲ, ಅಂಗಡಿಯ ಗಾಜಿನ ಹಿಂದಿನಿಂದ ಊಟ ಆದ್ಮೇಲೆ ತಗೊಳ್ಳಿ ಅನ್ನುವ ಹಾಗೆ, ಸರ್, ಗಾಬರಿ ಆಗ್ಬೇಡಿ, ಬ್ರೇಕ್ ನನ್ನ ಹತ್ರ ಇದೆ. ಅದು ಮೇಷ್ಟ್ರ ಮಾತು. ಪ್ರತಿಯೊಬ್ಬ ಹೊಸಬನಿಗೂ ಮೊದಲ ದಿನ ಗಾಡಿ ಚಾಲೂ ಮಾಡುವ ಮುಂಚೆ ಅವರೇ ಹೇಳುವ ಮಾತು, ಆಕೆಗೂ ಹೇಳಿದ್ದರು, ಹೇಳುವಾಗ ಅದು ಕೇಳುವವರ ಹೊಟ್ಟೆಯೊಳಗೆ ಹೋಗಿ ಏನು ಮಾಡುತ್ತದೆ ಅಂತ ಒಂದು ಸಲವೂ ಯೋಚಿಸಿರಲಿಲ್ಲ, ಏನೂ ಮಾಡುವುದಿಲ್ಲ ಅದು, ಬ್ರೇಕ್ ಇನ್ನೊಬ್ಬರ ಹತ್ತಿರ ಇದ್ದರೆ ಅದು ಬ್ರೇಕೇ ಅಲ್ಲ, ಬರೀ ಸುದ್ದಿ. ಆದರೂ ಯೋಚಿಸು, ಯೋಚಿಸು ಮಾರಾಯಾ, ಈ ಊರಿನಲ್ಲಿ ಬ್ರೇಕಿನಿಂದ ಕಾಲು ತೆಗೆಯದ ಒಬ್ಬರು ಇದ್ದರೆ ಅದು ಯಾರು. ಬೈದು ನೋಡಿದೆ, ತೆಗೆಯಲಿಲ್ಲ. ಬೇಡಿಕೊಂಡು ನೋಡಿದೆ, ತೆಗೆಯಲಿಲ್ಲ. ಹಿಂದೆ ಇಡೀ ರಸ್ತೆಯ ಗಾಡಿಗಳು ಹಾರ್ನ್ ಹೊಡೆದವು, ಬಸ್ಸಿನವನು ಇಳಿದು ಬಂದು ಕೈಮುಗಿದ, ತೆಗೆಯಲಿಲ್ಲ. ಮೇಷ್ಟ್ರಿಗೆ ಆ ಎತ್ತರದಲ್ಲಿ, ಕೆನ್ನೆ ಕಲ್ಲಿಗೆ ಒತ್ತಿಕೊಂಡಿರುವಾಗಲೇ ನಗು ಬಂತು, ನಗು ಬಂದದ್ದಕ್ಕೆ ಹೊಟ್ಟೆ ಅಲುಗಿತು, ಹೊಟ್ಟೆ ಅಲುಗಿದ್ದಕ್ಕೆ ಬಲಗೈ ಜಾರಿತು, ಇನ್ನು ಎಡಗೈ ಒಂದನ್ನೇ ನಂಬಿ ಏನು ಮಾಡುವುದು ಅಂತ ಅದನ್ನು ಅವರೇ ಬಿಟ್ಟರು —

ಗೇಣುದ್ದ ಕೆಳಗೆ ಹೋದರು, ಜೀವವೂ ಅಷ್ಟೇ ದೂರ ಹೋಗಿ ನಿಂತಿತು, ಗಕ್ಕನೆ, ಥೇಟ್ ಆಕೆ ಗಾಡಿ ನಿಲ್ಲಿಸುತ್ತಿದ್ದ ಹಾಗೆ, ತಲೆ ಮುಂದಕ್ಕೆ ಹೋಗಿ ಹೆಲ್ಮೆಟ್ಟು ಕಲ್ಲಿಗೆ ಟಕ್ಕೆಂದಿತು, ಆ ಅಧಿಕಾರಿಯ ಮೂಗಿನ ನೋವು ಇವತ್ತು ಅರ್ಥವಾಯಿತು. ಬೀಳಲಿಲ್ಲ. ಕೈ ಎರಡೂ ಖಾಲಿ, ಹಿಂದೆ ಗಾಳಿ, ಬೀಳಲಿಲ್ಲ. ಒಂದು ಮೊಳ ಇಳಿಸಿ ಗಕ್ಕ, ಇನ್ನೊಂದು ಮೊಳ, ಗಕ್ಕ, ಯಾಕಮ್ಮಾ ಏನಾದ್ರೂ ಅಡ್ಡ ಬಂತಾ ಅಂತ ಕೇಳಬೇಕೆನ್ನಿಸಿತು, ಬೇಡ, ಇಷ್ಟು ನಿಧಾನವೇ ಇರಲಿ, ಇನ್ನೂ ನಿಧಾನವಾದರೂ ತನ್ನದೇನೂ ಅಭ್ಯಂತರವಿಲ್ಲ, ಬಂಡೆ ಮೇಲಕ್ಕೆ ಹೋಗುತ್ತಿದೆ, ಹುಲ್ಲು ಬರುತ್ತಿದೆ, ಒಂದು ಕಾಲು ಊರಿತು, ಇನ್ನೊಂದೂ ಊರಿತು, ಬಲಗಾಲು ನೆಲವನ್ನೂ ಒತ್ತುತ್ತಲೇ ಇದೆ, ಒತ್ತಲಿ. ಎದುರಿಗೆ ಬ್ರೇಕಮ್ಮ, ಹೆಲ್ಮೆಟ್ಟಿನಡಿಯಿಂದ ಹಣೆಗೆ ಇಳಿದ ಬೆವರು, ಒರೆಸಿಕೊಂಡಿಲ್ಲ. ಬಂದ್ರಲ್ಲ ಅಮ್ಮಾ, ಇನ್ನು ಕೈ ಸಡಿಲ ಬಿಡಿ, ಅಂದರು ಸೀಟಿ ಮೇಡಂ. ಇಲ್ಲ ಮೇಡಂ, ಅವರು ಹೇಳ್ಬೇಕಲ್ವಾ, ನಿಂತೆ ಅಂತ, ಅವರು ಬಾಯಿಬಿಟ್ಟು ಹೇಳೋವರೆಗೂ ನಾನು ಬಿಡಲ್ಲ. ಹೇಳಿ ಮೇಷ್ಟ್ರೇ, ಅಂದರು ಮೇಡಂ. ಮೇಷ್ಟ್ರು ಬಾಯಿ ತೆರೆದರು. ನಿಂತೆ ಅನ್ನುವುದು ಎಷ್ಟು ದೊಡ್ಡ ಮಾತು, ಎರಡೇ ಅಕ್ಷರ, ಹೆಂಡತಿ ಏನು ಅನ್ನುತ್ತಾಳೆ, ಅಟ್ಟದ ಬಲ್ಬು, ನಾಳೆ ಬೆಳಗಿನ ಕ್ಲಾಸು, ಈಗ ಆಕೆ ಹತ್ತುವ ಸರದಿ, ಹಗ್ಗ ತಾನು ಹಿಡಿಯಬೇಕು, ತನ್ನ ಕೈ ಹೀಗೆ ಹಿಡಿಯುತ್ತದೆಯೇ, ಹೀಗೆ, ಆ ಮುಷ್ಟಿ, ಸೊಂಟದ ಕೆಳಗೆ, ಗೆಣ್ಣುಗಳು ಬಿಳಿಚಿ, ಹೆಬ್ಬೆರಳಿನ ಉಗುರಂಚಿನಲ್ಲಿ ಯಾವುದೋ ಸಿರಪ್ಪಿನ ಕೆಂಪು ಕಲೆ, ಆ ಮುಷ್ಟಿ, ಇನ್ನೂ ತೆರೆಯದ, ಆ ಮುಷ್ಟಿ