ಭರಮಪ್ಪನ ಮಷೀನಿನ ಸದ್ದು

ರೇಣವ್ವ ಫೋನಿನಲ್ಲಿ ಹೇಳಿದ್ದು ಇಷ್ಟೇ: "ಅವರ ಮಷೀನು ಇನ್ನೂ ಚಾಲೂ ಐತ್ರಿ. ಒಮ್ಮಿ ಬಂದು ನೋಡ್ರಿ."

ಗುರುಪುತ್ರಪ್ಪ ಬೆಳಗಾವಿಯ ಶಹಾಪುರದ ಮನೆಯಿಂದ ಹೊರಟು ಖಾನಾಪುರ ಮುಟ್ಟುವವರೆಗೂ ಕಂಡಕ್ಟರನ ಮೇಲೆ, ರಸ್ತೆಯ ಮೇಲೆ, ಕಿಟಕಿ ತೆರೆಯಗೊಡದ ಪಕ್ಕದವನ ಮೇಲೆ ಸಿಡಿಮಿಡಿಗೊಳ್ಳುತ್ತಲೇ ಬಂದ. ದುಃಖ ಬಂದರೂ ಅವನಿಗೆ ಅದು ಸಿಟ್ಟಾಗಿಯೇ ಬರುತ್ತಿತ್ತು. ರೇಣವ್ವನ ಗಂಡ ಭರಮಪ್ಪ ತೀರಿಕೊಂಡು ಇನ್ನೂ ತಿಂಗಳಾಗಿರಲಿಲ್ಲ.

ಭರಮಪ್ಪ ಲಗ್ನಪತ್ರಿಕೆ ಅಚ್ಚು ಹಾಕುವ ಪ್ರೆಸ್ಸಿನಲ್ಲಿ ಕನ್ನಡ, ಮರಾಠಿ ಎರಡನ್ನೂ ಟೈಪ್ ಮಾಡಿಕೊಂಡಿದ್ದವನು. ಪ್ರೆಸ್ಸು ಮುಚ್ಚಿದಾಗ, ಗುಜರಿಗೆ ಹೊರಟಿದ್ದ ಕಂಪ್ಯೂಟರನ್ನು ಮನೆಗೆ ಹೊತ್ತು ತಂದ. ಇಪ್ಪತ್ತು ವರ್ಷ ದಾಟಿದ ಆ ಡಬ್ಬಿಯಲ್ಲಿ ಈಗಿನ ವೆಬ್‌ಸೈಟುಗಳು ತೆರೆಯುತ್ತಿರಲಿಲ್ಲ. ಇಂಥ ಹಳೆಯ ಕಂಪ್ಯೂಟರುಗಳಲ್ಲೂ ಅವನ್ನು ತೆರೆಯಬಲ್ಲ ಬ್ರೌಸರ್ ತಯಾರಿಸುವ ಗುಂಪೊಂದು ಇಂಟರ್‌ನೆಟ್ಟಿನಲ್ಲಿದೆ ಎಂದು ತಿಳಿದು, ಕೋಡ್ ಬರೆಯಲು ಕಲಿತು ಅದಕ್ಕೆ ಸೇರಿಕೊಂಡ. ಅಲ್ಲಿ ಸಂಬಳವಿಲ್ಲ, ಮಾಲೀಕನಿಲ್ಲ. ಬರೆದ ಕೋಡ್ ಎಲ್ಲರ ಮುಂದೆ ಬಿಚ್ಚಿಟ್ಟಿರುತ್ತದೆ, ಬೇಕಾದವರು ತಿದ್ದಬಹುದು. ಬೆಳಗಾವಿ ಪಕ್ಕದ ಮಚ್ಛೆಯ ಕಾರ್ಖಾನೆಯಲ್ಲಿ ಯಂತ್ರಗಳ ರಿಪೇರಿ ನೋಡಿಕೊಳ್ಳುವ ಗುರುಪುತ್ರಪ್ಪನೂ ಅದೇ ಗುಂಪಿನಲ್ಲಿದ್ದ. ಇಂಗ್ಲಿಷಿನಲ್ಲಿ ತಿಂಗಳುಗಟ್ಟಲೆ ಜಗಳಾಡಿದ ಮೇಲೆ, ತಾನು ಬೈಯುತ್ತಿದ್ದ ಮನುಷ್ಯ ಖಾನಾಪುರದವನೆಂದು ಗೊತ್ತಾಗಿ ಬಿದ್ದು ಬಿದ್ದು ನಕ್ಕಿದ್ದ.

ಆಮೇಲೆ ಜಗಳ ಕನ್ನಡದಲ್ಲಿ ನಡೆಯಿತು. ಕೋಡನ್ನು ಕಂಪೈಲ್ ಮಾಡುವುದು, ಅಂದರೆ ಕಂಪ್ಯೂಟರು ಓಡಿಸಬಲ್ಲ ರೂಪಕ್ಕೆ ತರುವುದು, ಹೊಸ ಲ್ಯಾಪ್‌ಟಾಪಿಗೆ ಅರ್ಧ ಗಂಟೆಯ ಕೆಲಸ. ಭರಮಪ್ಪನ ಡಬ್ಬಿಗೆ ಮೂರ್ನಾಲ್ಕು ದಿನ.

"ಭರಮಣ್ಣಾ, ನಿನ್ನ ಡಬ್ಬಿ ಕಾಯ್ಕೋತ ಕುಂತ್ರ ನನ್ನ ಮಗಳ ಲಗ್ನ ಆಗಿ ಮೊಮ್ಮಕ್ಕಳು ಸಾಲಿಗೆ ಹೋಗ್ತಾವು."

"ಹೋಗ್ಲಿ ಬಿಡೋ, ಶಾಣ್ಯಾ ಆಗ್ತಾವು. ಇದರ ಮ್ಯಾಲ ಓಡಬೇಕಾದ್ದು ಇದರ ಮ್ಯಾಲನ ತಯಾರಾಗಬೇಕು."

ಕೊನೆಗೆ ಗುಂಪಿಗೂ ಅದೇ ರೂಢಿಯಾಯಿತು. ಭರಮಪ್ಪನ ಡಬ್ಬಿಯಲ್ಲಿ ಪಾಸಾಗದೆ ಹೊಸ ಬ್ರೌಸರ್ ಹೊರಬೀಳುತ್ತಿರಲಿಲ್ಲ.

ಎದೆನೋವೆಂದು ಬೆಳಗಾವಿಯ ಆಸ್ಪತ್ರೆಗೆ ಹೊರಟ ಮುಂಜಾನೆಯೂ ಅವನು ಕಂಪೈಲ್ ಹಚ್ಚಿಟ್ಟೇ ರಿಕ್ಷಾ ಹತ್ತಿದ್ದ. "ಮುಗಿಯೂತನಕ ಬಂದ್ ಮಾಡಬ್ಯಾಡ" ಎಂದು ಹೆಂಡತಿಗೆ ಹೇಳಿದ್ದ. ಜೀವಂತ ಮರಳಲಿಲ್ಲ.

"ಬರ್ರಿ, ಕುಂದರ್ರಿ," ಎಂದು ರೇಣವ್ವ ಗಂಡನ ಕುರ್ಚಿಯನ್ನೇ ಎಳೆದು ಕೊಟ್ಟಳು. "ಕರೆಂಟ್ ಹೋದಾಗ ಇನ್ವರ್ಟರಿಗೆ ಇದೊಂದನ್ನ ಇಟ್ಟೀನ್ರಿ. ಲೈಟು, ಫ್ಯಾನು ಎಲ್ಲಾ ಬಂದ್."

ಗುರುಪುತ್ರಪ್ಪ ಪರದೆ ನೋಡಿದ. ಕೆಲಸ ಹಚ್ಚಿದ ದಿನವೇ ಮಧ್ಯಾಹ್ನ ನಿಂತುಹೋಗಿತ್ತು. ಕಾರಣ ಕೋಡಿನ ಒಂದೇ ಸಾಲು. ಹೊಸ ಲ್ಯಾಪ್‌ಟಾಪಿಗೆ ತಿಳಿಯುವಂಥದ್ದು, ಈ ಹಳೆಯದಕ್ಕೆ ತಿಳಿಯದಂಥದ್ದು. ಯಾರು ಬರೆದದ್ದೆಂದು ಹುಡುಕಬೇಕಾಗಿರಲಿಲ್ಲ. ಯಾರ ಮೇಲೋ ಸಿಟ್ಟಿನಲ್ಲಿ, ತನ್ನ ಲ್ಯಾಪ್‌ಟಾಪಿನಲ್ಲಷ್ಟೇ ನೋಡಿ ತಾನೇ ಗುಂಪಿಗೆ ಕಳಿಸಿದ್ದ.

ಸುಳ್ಳು ಹೇಳಿಬಿಡೋಣವೆನ್ನಿಸಿತು. ಅವನ ಬಾಯಿಗೆ ಅದು ಬರಲಿಲ್ಲ.

"ವೈನಿ, ಇದು ಅವತ್ತ ನಿಂತೈತಿ. ತಪ್ಪು ನಂದ."

"ಗೊತ್ತೈತ್ರಿ," ಎಂದಳು ರೇಣವ್ವ. "ಯಾರದು ತಪ್ಪು ಅಂತ ಗೊತ್ತಿದ್ದಿಲ್ಲ. ನಿಂತದ್ದು ಗೊತ್ತಿತ್ತು. ಕೆಲಸ ಇದ್ರ ಇದರೊಳಗಿನ ಫ್ಯಾನು ಗಿರಣಿ ಹಂಗ ಒದರತೈತಿ. ಅವತ್ತ ಸಂಜಿಕ ದವಾಖಾನಿಗೆ ಅವರ ಅರಿವಿ ಒಯ್ಯಾಕ ಮನಿಗೆ ಬಂದ್ರ ಬರೇ ಗುಯ್ ಅನ್ನಾಕತ್ತಿತ್ತು."

"ಭರಮಣ್ಣಗ ಹೇಳಿದ್ರೇನ್ರಿ?"

"ನಾ ದವಾಖಾನಿಗೆ ಹೋದಾಗೊಮ್ಮಿ ಅದನ್ನ ಕೇಳತಿದ್ರು. ಹೆಂಗದೀರಿ ಅಂತ ನಾ ಕೇಳಿದ್ರ, ಸದ್ದು ಐತೇನು ಅಂತ ಅವರು. ನಡದೈತ್ರಿ ಅಂದೆ. ಕಡೀ ದಿನಾನೂ ಹಂಗ ಅಂದೆ." ಸೆರಗಿನಿಂದ ಪರದೆಯ ಮೇಲಿನ ಧೂಳು ಒರೆಸಿದಳು. ಅಲ್ಲಿ ಧೂಳಿರಲಿಲ್ಲ. "ಬಂದ್ ಮಾಡಿದ್ರ ನಾ ಹೇಳಿದ್ದು ಪೂರಾ ಸುಳ್ಳಾಗತಿತ್ತು. ಅದಕ್ಕ ಇಟ್ಟೀನಿ. ನಿಮ್ಮ ಕೈಯಾಗ ಇದನ್ನ ಖರೇ ಮಾಡಾಕ ಆಗತೈತೇನು ನೋಡ್ರಿ."

ಗುರುಪುತ್ರಪ್ಪ ಕೀಬೋರ್ಡನ್ನು ಹತ್ತಿರ ಎಳೆದುಕೊಂಡ. ಸಾಲನ್ನು ಅಳಿಸಿ, ಹಳೆಯ ಯಂತ್ರಕ್ಕೆ ತಿಳಿಯುವಂತೆ ಬರೆದು, ನಿಂತಲ್ಲಿಂದಲೇ ಕಂಪೈಲ್ ಹಚ್ಚಿದ. ಸ್ವಲ್ಪ ಹೊತ್ತಿಗೆ ಡಬ್ಬಿಯೊಳಗಿನ ಫ್ಯಾನು ಜೋರಾಯಿತು. ಮಣ್ಣು ಮಾಡಿದ ದಿನ ಕಲ್ಲಿನಂತೆ ಕುಳಿತಿದ್ದ ರೇಣವ್ವ ಆ ಸದ್ದು ಕೇಳಿ ಬಾಗಿಲ ಚೌಕಟ್ಟು ಹಿಡಿದುಕೊಂಡು ಗೋಳೋ ಎಂದು ಅತ್ತಳು. ಗುರುಪುತ್ರಪ್ಪ ಪರದೆಯ ಕಡೆಯೇ ಮುಖ ಇಟ್ಟುಕೊಂಡು ಕುಳಿತ.

ಮೂರ್ನಾಲ್ಕು ದಿನ ಕಳೆದ ಮೇಲೆ, ಅವನು ಮಚ್ಛೆಯಲ್ಲಿ ಕೆಟ್ಟ ಮೋಟಾರೊಂದನ್ನು ಬಿಚ್ಚುತ್ತಿದ್ದಾಗ ಫೋನು ಬಂತು.

"ಸದ್ದು ಇಳದೈತ್ರಿ. ಫೋಟೋ ಕಳಿಸೀನಿ. ಮತ್ತ ಹಂಗ ನಿಂತೈತೇನು?"

ಎಣ್ಣೆಯ ಕೈಯಲ್ಲೇ ಫೋಟೋ ತೆರೆದ. ಎಲ್ಲೂ ತಪ್ಪಿಲ್ಲ. ಕಂಪೈಲ್ ಕೊನೆಯವರೆಗೂ ಹೋಗಿತ್ತು.

"ಇಲ್ರಿ ವೈನಿ. ಮುಗದೈತಿ."

"ಖರೇ ಹೇಳ್ರಿ."

"ಖರೇನ. ಐತವಾರ ಬಂದು ಬ್ರೌಸರ್ ತಗದು ನೋಡ್ತೀನಿ."

"ಹಂಗಾರ ಇನ್ನ ಬಂದ್ ಮಾಡ್ಲಿ?"

ಬೇಡವೆನ್ನಲು ಗುರುಪುತ್ರಪ್ಪನ ಹತ್ತಿರ ಒಂದು ಕಾರಣವೂ ಉಳಿದಿರಲಿಲ್ಲ.

"ಮಾಡ್ರಿ," ಎಂದ.

ಖಾನಾಪುರದಲ್ಲಿ ಗುಂಡಿ ಒತ್ತಿದ ಸದ್ದು ಕೇಳಿತು. ರೇಣವ್ವ ಫೋನು ಇಡಲಿಲ್ಲ. ಕಾರ್ಖಾನೆಯ ಗದ್ದಲದಲ್ಲಿ ಅವನು ಇನ್ನೊಂದು ಕಿವಿ ಮುಚ್ಚಿಕೊಂಡು, ಆ ಮನೆಯಿಂದ ಏನಾದರೂ ಕೇಳಿಸೀತೆಂದು ಕಾದು ನಿಂತ.