ಎಡಕ್ಕೆ ಬರೆದ ಬಾಣ

ಬಸ್ಸಿನ ಕೆಲಸದಿಂದ ನಿವೃತ್ತರಾಗಿ ವರ್ಷಗಳಾದರೂ ಬೀದಿಯವರಿಗೆ ಅವರು ಇನ್ನೂ ಡ್ರೈವರಣ್ಣನೇ. ಹೆಂಡತಿಗೆ ಮಾತ್ರ, ಅದೂ ಕೋಪ ಬಂದಾಗ, ‘ಡ್ರೈವರ್ ಸಾಹೇಬ್ರು’. ಈಗ ಶಾಲೆಯ ಮಕ್ಕಳ ವ್ಯಾನು ಓಡಿಸುತ್ತಿದ್ದರು. ರಜೆ ಬಂದದ್ದೇ ಹಿಂದಿನ ಸೀಟುಗಳನ್ನು ಬಿಚ್ಚಿ, ನೀರಿನ ಕ್ಯಾನು, ಗಾಳಿ ಪಂಪು, ಬೇಯಿಸಿದ ಆಲೂಗಡ್ಡೆಯ ಡಬ್ಬಿ, ಒಂದು ಮೋಟು ಸ್ಟೂಲು ತುಂಬಿಕೊಂಡು ಸೊಸೆಯ ಸೈಕಲ್ಲಿಗೆ ಜೊತೆಯಾಗಿ ಹೊರಟಿದ್ದರು. ಕಿಟಕಿ ಗಾಜಿಗೆ ಮಕ್ಕಳು ಅಂಟಿಸಿದ್ದ ಚಿಟ್ಟೆ, ಆನೆಗಳು ಹಾಗೇ ಇದ್ದವು.

ಸೈಕಲ್ಲು ಮಗನದು. ಅವನು ತೀರಿಹೋದ ಮೇಲೆ ಮೆಟ್ಟಿಲ ಕೆಳಗೆ ಧೂಳು ತಿನ್ನುತ್ತಿತ್ತು. ಒಂದು ಬೆಳಗ್ಗೆ ಸೊಸೆ ಅದನ್ನು ಹೊರಗೆಳೆದು, ಸೀಟು ಸ್ವಲ್ಪ ಇಳಿಸಿಕೊಡುತ್ತೀರಾ ಮಾವ ಎಂದಳು. ಅವಳು ಬಾಯಿಬಿಟ್ಟು ಏನನ್ನಾದರೂ ಕೇಳಿ ಎಷ್ಟೋ ಕಾಲವಾಗಿತ್ತು. ಅವರು ಇಳಿಸಿದರು. ಸೀಟಿನ ಕೊಳವೆಯ ಮೇಲೆ ಮಗನ ಎತ್ತರಕ್ಕಿದ್ದ ಗೆರೆ ಒಳಗೆ ಸೇರಿಹೋಯಿತು. ಮೊದಲು ಊರೊಳಗೆ ಸುತ್ತಿದಳು, ಆಮೇಲೆ ಊರಾಚೆ. ಕೊನೆಗೊಂದು ದಿನ ಊಟಕ್ಕೆ ಕೂತಾಗ, ಸಮುದ್ರದ ದೀಪಸ್ತಂಭದವರೆಗೂ ಹೋಗಬೇಕು ಎಂದಳು. ಅತ್ತೆಯ ಕೈಯಲ್ಲಿದ್ದ ಸೌಟು ಹಾಗೇ ನಿಂತಿತು. ಮಾವ, ನೀರು ಹೊರುವವರು ಯಾರು ಎಂದು ಕೇಳಿ, ಉತ್ತರಕ್ಕೆ ಕಾಯದೆ ಸ್ಪ್ಯಾನರ್ ಹುಡುಕಲು ಎದ್ದರು.

ಸೊಸೆ ಫೋನು ಇಟ್ಟುಕೊಳ್ಳುತ್ತಿರಲಿಲ್ಲ. ಗಂಡನ ಸುದ್ದಿ ಬಂದದ್ದು ಫೋನಿನಲ್ಲೇ. ಹಾಗಾಗಿ ದಾರಿ ಹೇಳಲು ಬಾಣದ ಏರ್ಪಾಡು. ರಸ್ತೆ ಕವಲೊಡೆದಲ್ಲಿ ಮಾವ ಗಾಡಿ ನಿಲ್ಲಿಸಿ, ಮೊಣಕಾಲು ಹಿಡಿದು ಬಗ್ಗಿ, ಅಂಚಿನಲ್ಲಿ ಸೀಮೆಸುಣ್ಣದಿಂದ ಒಂದು ಬಾಣ ಬರೆಯುವುದು. ಮುಂದೆ ಹೋಗಿ ನೆರಳು ನೋಡಿ, ಹಿಂಬಾಗಿಲು ತೆರೆದು, ಬಂದ ದಾರಿಗೆ ಮುಖ ಮಾಡಿ ಸ್ಟೂಲಿನ ಮೇಲೆ ಕೂರುವುದು. ಬಸ್ಸು ಓಡಿಸಿದಷ್ಟು ಕಾಲ ತಾನು ಒಮ್ಮೆಯೂ ದಾರಿ ತಪ್ಪಿದವನಲ್ಲ ಎಂಬ ಜಂಬವನ್ನು ದಿನಕ್ಕೊಂದು ಸಲವಾದರೂ ಸೊಸೆಯ ಮುಂದೆ ಕೊಚ್ಚಿಕೊಳ್ಳುತ್ತಿದ್ದರು. ಅವಳು ಆಲೂಗಡ್ಡೆ ಅಗಿಯುತ್ತ ತಲೆಯಾಡಿಸುತ್ತಿದ್ದಳು.

ಇವತ್ತು ಕೊನೆಯ ದಿನ. ದೀಪಸ್ತಂಭದ ಹತ್ತಿರ ಅವಳ ಅಣ್ಣ ಕಾರಿನೊಂದಿಗೆ ಕಾಯುತ್ತಿದ್ದ. ಸೈಕಲ್ಲು ಕಟ್ಟಲೆಂದೇ ಕಾರಿನ ಹಿಂದೆ ಸ್ಟ್ಯಾಂಡು ಹಾಕಿಸಿದ್ದ. ಅಲ್ಲಿಂದ ಅವಳು ತವರಿಗೆ. ಹೊರಡುವ ಮುಂಚೆಯೇ ಬಂದು ಮಾತಾಡಿ ಹೋಗಿದ್ದ: ಇನ್ನೂ ಚಿಕ್ಕ ವಯಸ್ಸು, ಇಲ್ಲಿದ್ದು ಏನು ಮಾಡುತ್ತಾಳೆ. ತಪ್ಪು ಮಾತೇನಲ್ಲ. ಸೊಸೆ ಹೂಂ ಎಂದಿದ್ದಳು. ಆ ದಿನಗಳಲ್ಲಿ ಅವಳು ಎಲ್ಲಕ್ಕೂ ಹೂಂ ಎನ್ನುತ್ತಿದ್ದಳು. ಮಾವ ಆಗಲಿ ಎಂದು, ಟೈರಿನ ಗಾಳಿ ನೋಡಲು ಎದ್ದು ಹೋಗಿದ್ದರು. ಅಂದಿನಿಂದ ಆ ‘ಆಗಲಿ’ ಅವರನ್ನು ಕುಟುಕುತ್ತಲೇ ಇತ್ತು.

ಬೆಳಗ್ಗೆ ಹೆಂಡತಿ ಫೋನು ಮಾಡಿದಳು. ನಾಳೆ ಮಧ್ಯಾಹ್ನ ಅಡುಗೆ ಎಷ್ಟು ಜನಕ್ಕೆ ಮಾಡಲಿ ಎಂದಷ್ಟೇ ಕೇಳಿದಳು. ಅವರು ಗೇರು ಬದಲಿಸಬೇಕು ಎಂದು ಹೇಳಿ ಫೋನು ಇಟ್ಟುಬಿಟ್ಟರು. ಗಾಡಿ ನಿಂತಿತ್ತು.

ಆ ಪ್ರಶ್ನೆಯನ್ನೇ ತಲೆಯಲ್ಲಿ ಹೊತ್ತು ಮುಂದಿನ ಕವಲಿಗೆ ಬಂದರು. ಇಳಿದರು, ಬಗ್ಗಿದರು, ಬಾಣ ಬರೆದರು, ಹೊರಟರು. ಕೈಗೂ ಕಾಲಿಗೂ ಪರಿಚಯದ ದಾರಿ. ತಲೆಯನ್ನು ಯಾರೂ ಕೇಳಲಿಲ್ಲ. ತುಕ್ಕು ಹಿಡಿದ ದೊಡ್ಡ ಗೇಟಿನ ಮುಂದೆ ಬ್ರೇಕು ತಾನಾಗಿಯೇ ಬಿದ್ದಾಗ ಎಚ್ಚರವಾಯಿತು. ಒಳಗೆ ಬಸ್ಸಿನ ಅಡಿ ರಿಪೇರಿಗೆ ತೋಡಿದ್ದ ಗುಂಡಿಗಳಲ್ಲಿ ಹುಲ್ಲು ಆಳೆತ್ತರ ಬೆಳೆದಿತ್ತು. ಇದು ಈ ಕಡೆ ಕೆಲಸವಿದ್ದಾಗಿನ ಅವರ ಹಳೆಯ ಡಿಪೋ. ಕೊನೆಯ ಟ್ರಿಪ್ಪು ಮುಗಿಸಿ ಪ್ರತಿ ಸಂಜೆ ಅದೇ ಕವಲಿನಲ್ಲಿ ಎಡಕ್ಕೆ ತಿರುಗಿಸಿ ಬಸ್ಸನ್ನು ಇಲ್ಲಿಗೇ ತರುತ್ತಿದ್ದರು. ದೀಪಸ್ತಂಭ ಬಲಕ್ಕಿತ್ತು. ಅದನ್ನು ಹೇಳುವ ಬೋರ್ಡೂ ಅಲ್ಲಿತ್ತು, ಮನೆ ಬಾಗಿಲಿನಷ್ಟು ದೊಡ್ಡದು.

ವಾಪಸು ತಿರುಗಿಸುವಷ್ಟರಲ್ಲಿ ಸೊಸೆಯೇ ಬಂದು ಒಂದು ಕಾಲೂರಿ ನಿಂತಳು. ಬೆವರು ಒರೆಸಿಕೊಂಡು ಗೇಟು ನೋಡಿದಳು, ಅವರನ್ನು ನೋಡಿದಳು.

“ಬೋರ್ಡು ನೋಡಲಿಲ್ವೇನಮ್ಮ?”

“ನೋಡ್ದೆ.”

“ಮತ್ಯಾಕೆ ಬಂದೆ?”

“ನಿಮ್ಮ ಬಾಣ ಈ ಕಡೆ ಇತ್ತಲ್ಲ ಮಾವ.”

“ಬಾವಿ ಕಡೆಗೆ ಬರೆದಿದ್ರೆ?”

“ಹಗ್ಗ ವ್ಯಾನಲ್ಲೇ ಇರುತ್ತಲ್ಲ.”

ಅವರಿಗೆ ನಗು ಬಂತು, ನಾಚಿಕೆಯೂ ಆಯಿತು. ಗೇಟಿನ ನೆರಳಿನಲ್ಲಿ ಕೂತು, ಉಪ್ಪು ಉದುರಿಸಿಕೊಂಡು ಇಬ್ಬರೂ ಆಲೂಗಡ್ಡೆ ತಿಂದರು. ಡಿಪೋದಲ್ಲಿ ಯಾವ ಬಸ್ಸು ಎಲ್ಲಿ ನಿಲ್ಲುತ್ತಿತ್ತು, ಇಂಜಿನ್ನು ಆರಿಸಿದ ಮೇಲೆ ಕಿವಿಯಲ್ಲಿ ಎಂಥ ಮೌನ ತುಂಬುತ್ತಿತ್ತು ಎಂದು ಅವರು ಹೇಳುತ್ತ ಹೋದರು. ಅವಳು ಕೇಳಿಸಿಕೊಂಡಳು. ಆಮೇಲೆ, ಆಲೂಗಡ್ಡೆಯ ಸಿಪ್ಪೆ ಬಿಡಿಸುತ್ತಲೇ, ಅಣ್ಣ ಬಂದ ದಿನ ನೀವು ಯಾಕೆ ಏನೂ ಹೇಳಲಿಲ್ಲ ಎಂದು ಕೇಳಿದಳು.

ಅವರು ಗೇಟಿನ ತುಕ್ಕು ಕೆರೆದರು.

“ಏನಂತ ಹೇಳ್ಲಿ? ಹೋಗು ಅಂದ್ರೆ ಓಡಿಸಿದ ಹಾಗೆ. ಇರು ಅಂದ್ರೆ ಕಟ್ಟಿ ಹಾಕಿದ ಹಾಗೆ.” ಬೆರಳಿನ ತುಕ್ಕು ಒರೆಸಿಕೊಂಡು ಅಂದರು, “ನೀನಿದ್ರೆ ನಮಗೆ ಮನೆ ಮನೆ ಥರ ಇರುತ್ತೆ. ಆದ್ರೆ ಅದಕ್ಕೆ ನಾನು ಬಾಣ ಬರೆಯಲ್ಲ ಕಣಮ್ಮ.”

ಅವಳು ಉಳಿದ ಆಲೂಗಡ್ಡೆಯಲ್ಲಿ ಅರ್ಧ ಮುರಿದು ಅವರ ಕೈಗಿಟ್ಟಳು. ಅವರು ಸೀಮೆಸುಣ್ಣವನ್ನು ಅವಳ ಬ್ಯಾಗಿನ ಪಕ್ಕ ಇಟ್ಟು, ಆ ಕವಲಿಗೆ ಮರಳಿ ಬಲಕ್ಕೆ ತಿರುಗಿದರೆ ಮುಂದಿನದು ನೇರ ರಸ್ತೆ, ನೀನೇ ಮುಂದೆ ಹೋಗು ಎಂದರು.

ಹಾಗಾಗಿ ಕೊನೆಯ ದಾರಿಯನ್ನು ಅವರು ಸೈಕಲ್ಲಿನ ಹಿಂದೆಯೇ, ಎರಡನೇ ಗೇರಿನಲ್ಲಿ, ಹಿಂದಿನ ಗಾಡಿಗಳ ಹಾರ್ನು, ಬೈಗುಳ ಎಲ್ಲ ತಿಂದುಕೊಂಡು ಬಂದರು. ಬಸ್ಸಿನ ಕಾಲದಲ್ಲಾಗಿದ್ದರೆ ತಾವೇ ಬೈಯುತ್ತಿದ್ದರು.

ದೀಪಸ್ತಂಭದ ಕೆಳಗೆ ಅಣ್ಣ ಓಡಿಬಂದು ತಂಗಿಯ ಬೆನ್ನು ತಟ್ಟಿದ, ಬಿಸಿಲಿಗೆ ಕರಕಲಾಗಿದ್ದೀಯ ಎಂದು ಗದರಿದ, ಸೈಕಲ್ಲು ಹಿಡಿದು ಕಾರಿನ ಕಡೆ ಎರಡು ಹೆಜ್ಜೆ ಹಾಕಿದ. ಡ್ರೈವರಣ್ಣ ಆಗಲೇ ಕುಕ್ಕರುಗಾಲಿನಲ್ಲಿ ಕೂತು ವ್ಯಾನಿನ ಟೈರಿನ ಗಾಳಿ ನೋಡುತ್ತಿದ್ದರು.

“ಅಣ್ಣ, ಅದನ್ನ ವ್ಯಾನಿಗೆ ಹಾಕು,” ಎಂದಳು ಅವಳು.

ಅಣ್ಣ ಅವಳನ್ನು ನೋಡಿದ, ಮುದುಕರ ಬೆನ್ನು ನೋಡಿದ. ಅಮ್ಮನಿಗೆ ಏನು ಹೇಳಲಿ ಎಂದ.

“ಮುಂದಿನ ತಿಂಗಳು ಬಂದು ನಾಲ್ಕು ದಿನ ಇರ್ತೀನಿ ಅನ್ನು. ಸೈಕಲ್ಲಲ್ಲೇ ಬರ್ತೀನಿ.”

ಹಾಗಾದರೆ ಬೇಯಿಸಿದ ಆಲೂಗಡ್ಡೆಯೂ ಹಿಂದೆಯೇ ಬರುತ್ತದೆ ಎಂದು ಅಣ್ಣ ನಕ್ಕ. ಮನಸ್ಸಿಲ್ಲದ ನಗುವೇ, ಆದರೂ ಸೈಕಲ್ಲನ್ನು ವ್ಯಾನಿಗೆ ಅವನೇ ಎತ್ತಿಟ್ಟ.

ಡ್ರೈವರಣ್ಣ ಎದ್ದು, ಆಚೆ ಹೋಗಿ ಮನೆಗೆ ಫೋನು ಮಾಡಿದರು. ಅಡುಗೆ ಮೂರು ಜನಕ್ಕೆ ಎಂದರು. ಅದನ್ನ ಬೆಳಗ್ಗೆ ಹೇಳೋಕೆ ಏನಾಗಿತ್ತು ಡ್ರೈವರ್ ಸಾಹೇಬ್ರೇ ಎಂದು ಹೆಂಡತಿ ಸಿಡುಕಿದಳು. ಮೂಗು ಒರೆಸಿಕೊಂಡದ್ದು ಫೋನಿನಲ್ಲಿ ಕೇಳಿಸಿತು.

ಅವರು ಮರಳಿ ಬಂದಾಗ ಸೊಸೆ ವ್ಯಾನಿನ ಮುಂದೆ ಮಂಡಿಯೂರಿದ್ದಳು. ಸೀಮೆಸುಣ್ಣದಿಂದ ನೆಲದ ಮೇಲೆ ಬಾಣ ಬರೆದಿದ್ದಳು, ಬಂದ ದಾರಿಯ ಕಡೆಗೆ. ಸೊಟ್ಟ ಬಾಣ, ತಲೆ ದಪ್ಪ, ಬಾಲ ಸಣ್ಣ.

ಅವರು ಸೊಂಟದ ಮೇಲೆ ಕೈಯಿಟ್ಟು ಅದನ್ನು ನೋಡಿದರು.

“ಅದು ಒನ್‌ವೇ ಕಣಮ್ಮ,” ಎಂದರು. “ಆ ಕಡೆಯಿಂದ ಬರಬಹುದು, ಹೋಗೋಕೆ ಬಿಡಲ್ಲ.”

“ಸುತ್ತಿಕೊಂಡು ಹೋಗೋಣ ಬಿಡಿ,” ಎಂದು ಅವಳು ಕೈಯ ಸುಣ್ಣ ಕೊಡವಿ, ಮುಂದಿನ ಸೀಟಿಗೆ ಹತ್ತಿ ಕೂತಳು.