ಕರೆದರೆ ಮಾತ್ರ ಒಳಗೆ

ಬಾಗಿಲಲ್ಲಿ ಬಂದೂಕು ಹಿಡಿದ ಕೇಂದ್ರ ಪಡೆಯ ಜವಾನ ನಿಂತಿದ್ದರೆ ಧೈರ್ಯ ಬರಬೇಕು. ಶಾರದಾಳಿಗೆ ಮಾತ್ರ ಬೆಳಗಿನಿಂದ ಬರೀ ಕಸಿವಿಸಿ.

ಹಾಸನದಿಂದ ವರ್ಗವಾಗಿ ವಿಶಾಖಪಟ್ಟಣದ ಗಾಜುವಾಕದ ಬ್ಯಾಂಕಿಗೆ ಬಂದಿದ್ದವಳು. ೨೦೦೯ರ ಚುನಾವಣೆಗೆ ಅವಳನ್ನು ಪೆಂಡುರ್ತಿಯ ಶಾಲೆಯೊಂದರಲ್ಲಿ ಮತಗಟ್ಟೆಯ ಅಧ್ಯಕ್ಷಾಧಿಕಾರಿಯಾಗಿ ಹಾಕಿದ್ದರು. ಕೂಲಿ ಮಾಡುವ ಹೆಂಗಸರು ಸಾಲಿನಲ್ಲಿ ನಿಂತು ಬಂದೂಕನ್ನೇ ನೋಡುತ್ತಿದ್ದರು. ಇಬ್ಬರು ಆಗಲೇ ಸಾಲು ಬಿಟ್ಟು ಹೊರಟುಹೋಗಿದ್ದರು.

"ಅಯ್ಯೋ, ಇವರಿಗೆ ಹೇಗೆ ಹೇಳೋದಪ್ಪಾ?" ಎಂದು ಅವಳು ಗೊಣಗಿಕೊಂಡಳು.

ಜವಾನ ತಿರುಗಿದ. "ಕನ್ನಡದೋರೇನ್ರೀ ಮೇಡಂ? ನಾ ಹಾವೇರಿ ಕಡ್ಯಾಂವ ನೋಡ್ರಿ. ಓಂಕಾರಪ್ಪ."

"ಅಬ್ಬ! ಸ್ವಲ್ಪ ಪಕ್ಕಕ್ಕೆ ನಿಂತ್ಕೊಳ್ಳಿ ಓಂಕಾರಪ್ಪನವರೇ. ಹೆಂಗಸರು ಹೆದರ್ತಿದ್ದಾರೆ."

"ನಿಲ್ತೀನ್ರಿ. ಆದ್ರ ಏನರ ಗಲಾಟಿ ಆದ್ರ ಬಾಯಿಬಿಟ್ಟು ಕರೀರಿ. ನೀವು ಕರಿಯೋತನಕ ನಾ ಒಳಗ ಕಾಲಿಡಂಗಿಲ್ಲ. ಹಂಗೈತಿ ಆರ್ಡರ್."

ಮಧ್ಯಾಹ್ನದ ಸೆಖೆಗೆ ಸಾಲು ಕರಗುತ್ತಿದ್ದಾಗ ಐದಾರು ಹುಡುಗರು ಒಟ್ಟಿಗೆ ನುಗ್ಗಿದರು. ಮೊದಲನೆಯವನ ಬೆರಳನ್ನು ಶಾರದಾ ಹಿಡಿದು ನೋಡಿದಳು. ಉಜ್ಜಿ ಉಜ್ಜಿ ಚರ್ಮ ಕೆಂಪಾಗಿತ್ತು. ಉಗುರಿನ ಸಂದಿಯಲ್ಲಿ ಶಾಯಿ ಇನ್ನೂ ಇತ್ತು.

"ನೀನು ಆಗಲೇ ವೋಟು ಹಾಕಿದ್ದೀಯ. ನಡಿ ಆಚೆಗೆ," ಎಂದಳು ತನಗೆ ಬರುವ ತೆಲುಗಿನಲ್ಲಿ.

ಯಾರೂ ಕದಲಲಿಲ್ಲ. ಪಕ್ಷಗಳ ಏಜೆಂಟರ ಬೆಂಚಿನಿಂದ ದುರ್ಗಾಪ್ರಸಾದ್ ಎದ್ದು ಬಂದ. ಸಿಮೆಂಟ್ ವ್ಯಾಪಾರಿ, ಅವಳ ಬ್ಯಾಂಕಿನಲ್ಲೇ ಖಾತೆ. ಮೇಜಿನ ಮೇಲೆ ಬಾಗಿ ತೆಲುಗಿನಲ್ಲಿ ಮೆಲ್ಲಗೆ ಹೇಳಿದ: "ಮೇಡಂ ಗಾರೂ, ಕೆಲಸಕ್ಕೆ ಹೋದವರ ವೋಟು ಸುಮ್ಮನೆ ಹಾಳಾಗುತ್ತೆ. ಇವರು ಹಾಕ್ತಾರೆ, ನೀವು ಆ ಕಡೆ ನೋಡಿ, ಸಾಕು. ಊರಿಗೆ ಹೊಸಬರು. ಮಗಳು ಒಬ್ಬಳೇ ಬಸ್ಸಿಗೆ ನಿಂತಿರ್ತಾಳೆ, ನೋಡಿದ್ದೀನಿ."

ಮಗಳು ಶ್ರಾವಣಿಯ ಮುಖ ಶಾರದಾಳ ಕಣ್ಣ ಮುಂದೆ ಬಂತು. ಬಾಗಿಲಾಚೆ ಓಂಕಾರಪ್ಪನ ಬೆನ್ನು ಕಾಣುತ್ತಿತ್ತು. ಕರೆದರೆ ಹೊರಗಿನ ಹೆಂಗಸರು ಚದುರಿ ಓಡುತ್ತಾರೆ. ಕರೆಯದಿದ್ದರೆ? ಅಷ್ಟರಲ್ಲಿ ಒಬ್ಬ ಹುಡುಗ ಮತದಾರರ ಪಟ್ಟಿಗೆ ಕೈಹಾಕಿ ಎಳೆದ.

"ಓಂಕಾರಪ್ಪಾ! ಒಳಗೆ ಬನ್ನಿ!"

ಅದು ತನ್ನದೇ ದನಿಯೆಂದು ಅವಳಿಗೆ ನಂಬಲಾಗಲಿಲ್ಲ. ಅವನು ಬಂದೂಕನ್ನು ಹೊರಗಿದ್ದ ಜೊತೆಗಾರ ಜವಾನನ ಕೈಗೆ ಕೊಟ್ಟು ಬರಿಗೈಲಿ ಬಂದು ಮೇಜಿಗೂ ಹುಡುಗರಿಗೂ ನಡುವೆ ನಿಂತ. ಒಬ್ಬ ಹುಡುಗ ಅವನ ಎದೆಗೆ ಕೈಹಚ್ಚಿ ತಳ್ಳಿದ. ಮರುಗಳಿಗೆ ಆ ಹುಡುಗನ ಕಾಲರು ಓಂಕಾರಪ್ಪನ ಮುಷ್ಟಿಯಲ್ಲಿತ್ತು. ಬೆಂಚು ಉರುಳಿತು. ಹುಡುಗರು ಬೈಯುತ್ತಾ ಹೊರಬಿದ್ದರು. ದುರ್ಗಾಪ್ರಸಾದ್ ಏನೂ ಆಗದವನಂತೆ ಬೆಂಚನ್ನು ನೆಟ್ಟಗೆ ಮಾಡಿ ಕೂತ.

ಹೊರಗೆ ಸಾಲೇ ಇರಲಿಲ್ಲ. ಮತಯಂತ್ರವನ್ನು ಸಹಾಯಕರಿಗೆ ಒಪ್ಪಿಸಿ ಶಾರದಾ ಗೇಟಿಗೆ ಓಡಿದಳು. ಹೆಂಗಸರು ರಸ್ತೆಯಾಚೆ ಗುಂಪುಗೂಡಿದ್ದರು.

"ಬನ್ನಿ ಅಮ್ಮಾ, ಏನೂ ಆಗಿಲ್ಲ."

"ಏನೂ ಆಗದೆ ಪೊಲೀಸರು ಒಳಗೆ ಹೋಗ್ತಾರಾ?" ಎಂದಳು ಕನಕದುರ್ಗ ಎಂಬ ಮುದುಕಿ. "ಮೊದಲು ತುಪಾಕಿ ದೂರ ಕಳಿಸು."

ಹಿಂದೆಯೇ ಬಂದಿದ್ದ ಓಂಕಾರಪ್ಪ ಜೊತೆಗಾರನನ್ನು ಕರೆದುಕೊಂಡು ಬೇವಿನ ಮರದಡಿಗೆ ಹೋಗಿ ನಿಂತ. ಮುದುಕಿ ರಸ್ತೆ ದಾಟಿದಳು. ಅವಳ ಹಿಂದೆ ಕೆಲವರು ಬಂದರು. ಉಳಿದವರು ಮನೆ ಕಡೆ ತಿರುಗಿದರು. ಎಷ್ಟು ಕೈಬೀಸಿದರೂ ನಿಲ್ಲಲಿಲ್ಲ.

ಸಂಜೆ ಯಂತ್ರಕ್ಕೆ ಸೀಲು ಹಾಕುವಾಗ ದುರ್ಗಾಪ್ರಸಾದ್ ನಗುತ್ತಲೇ ಸಹಿ ಮಾಡಿದ. "ಬ್ಯಾಂಕಿನಲ್ಲಿ ಸಿಗೋಣ, ಮೇಡಂ ಗಾರೂ."

ಪಡೆಯ ಲಾರಿ ಹತ್ತುವ ಮುಂಚೆ ಓಂಕಾರಪ್ಪ ಬಂದು ನಿಂತ. "ನಾವು ನಾಳೆ ವಿಜಯವಾಡಕ್ಕ ಹೊಂಟ್ವಿರಿ. ಅಲ್ಲಿ ಮುಂದಿನ ವಾರ ಮತದಾನ."

"ನೀವು ಹೋಗ್ತೀರಿ. ನಾನು ಇಲ್ಲೇ ಇರಬೇಕಲ್ಲ."

ದುರ್ಗಾಪ್ರಸಾದ್ ಮಗಳ ವಿಷಯ ಎತ್ತಿದ್ದನ್ನೂ ಅವಳು ಅವನಿಗೆ ತಿಳಿಸಿದಳು. "ಅಂವ ಅಂದಿದ್ದನ್ನ ಸಾಹೇಬ್ರಿಗೆ ಹೇಳ್ರಿ. ನುಂಗ್ಕೋಬ್ಯಾಡ್ರಿ."

ಅವಳು ಹೇಳಿದಳು. ಯಂತ್ರ ಒಪ್ಪಿಸುವಲ್ಲಿ ಚುನಾವಣಾಧಿಕಾರಿಗೆ, ಎಲ್ಲರೆದುರಿಗೇ, ದುರ್ಗಾಪ್ರಸಾದನ ಹೆಸರು ಸಮೇತ. ಪೊಲೀಸರು ಅವನನ್ನು ಠಾಣೆಗೆ ಕರೆಸಿ ಎಚ್ಚರಿಸಿದರಂತೆ. ಅವನು ಖಾತೆ ಬೇರೆ ಕಡೆಗೆ ಬದಲಿಸಿಕೊಂಡ, ಮತ್ತೆ ಕಾಣಿಸಲಿಲ್ಲ. ಆದರೂ ಆ ಬೇಸಿಗೆಯಿಡೀ ಶಾರದಾ ಶ್ರಾವಣಿಯನ್ನು ಬಸ್ಸಿಗೆ ಒಬ್ಬಳೇ ಬಿಡಲಿಲ್ಲ. ಪಕ್ಕದಲ್ಲಿ ಬೈಕು ನಿಧಾನವಾದರೆ ಸಾಕು, ಮಗಳ ರಟ್ಟೆ ಹಿಡಿಯುತ್ತಿದ್ದಳು.

"ನೋಯುತ್ತೆ, ಬಿಡಮ್ಮಾ," ಎನ್ನುತ್ತಿದ್ದಳು ಶ್ರಾವಣಿ.